ಗುಂಯ್ ಎನ್ನದ ಗಿಟಾರ್

ನಜರ್‌ಬಾದ್, ಮೈಸೂರು
೬-೯-೧೯೯೮

ಅಮರೇಶ್ ಅವರಿಗೆ ನಮಸ್ಕಾರ.

ನೋಡಲೆಂದು ನೀವು ಅಂಗಡಿಯಿಂದ ಕೊಟ್ಟ ದುಬಾರಿ ಎಲೆಕ್ಟ್ರಿಕ್ ಗಿಟಾರ್‌ನ ತೊಡಕನ್ನು ಮೊದಲು ಹೇಳಿದವನು ನಮ್ಮ ವಾದ್ಯಗೋಷ್ಠಿಯ ತಬಲಾ ಮಹದೇವು, ನಿನ್ನೆ ಸಂಜೆ. ನಾನು ನುಡಿಸಿದರೂ ಗಾಯಕಿ ಕುಸುಮಕ್ಕ ಹಾಡು ಎತ್ತದೆ ನಿಂತಿದ್ದರು.

"ನಿನ್ ಹಳೇ ಗಿಟಾರ್ ಸ್ಪೀಕರ್‌ನಲ್ಲಿ ಯಾವಾಗ್ಲೂ ಗುಂಯ್ ಅಂತಿತ್ತಲ್ಲ, ಅದನ್ನೇ ಶ್ರುತಿ ಮಾಡ್ಕೊಂಡಿದ್ರು ಕಣೋ! ಇದು ಗುಂಯ್ ಅನ್ನಲ್ವಲ್ಲ!"

ಎಲ್ಲರೂ ನಕ್ಕರು. ಕುಸುಮಕ್ಕ ನಗಲಿಲ್ಲ.

ಹೊಸದು ಬೇಡವೆಂದು ಇಂದು ಬೆಳಿಗ್ಗೆ ಹಳೆಯದನ್ನೇ ಹೊತ್ತು ಹೋದೆ. ಕುಸುಮಕ್ಕ ಎಲ್ಲರಿಗಿಂತ ಮೊದಲೇ ಬಂದು ಶ್ರುತಿಪೆಟ್ಟಿಗೆ ಇಟ್ಟುಕೊಂಡು ಅಭ್ಯಾಸಕ್ಕೆ ಕೂತಿದ್ದರು.

"ಅದನ್ಯಾಕೋ ತಂದೆ? ಹೊಸದನ್ನೇ ತಗೊಂಬುಡು. ನಾನು ಕಲ್ತ್ಕೋತೀನಿ."

ಹಾಗಾಗಿ ಹೊಸದನ್ನು ಕೊಳ್ಳುತ್ತೇನೆ. ಬದಲಿಗೆ ಹಳೆಯದನ್ನು ಕೊಡುವ ಮಾತಾಗಿತ್ತು; ದಸರಾ ಕಾರ್ಯಕ್ರಮ ಮುಗಿಯುವವರೆಗೆ ಅದು ನನ್ನ ಬಳಿಯೇ ಇರಲಿ. ಇದನ್ನು ಕುಸುಮಕ್ಕನಿಗೆ ಹೇಳಬೇಡಿ.

ಇಂತಿ ನಿಮ್ಮ,
ರವಿಚಂದ್ರ