ಸೊಂಟ ಹಿಡಿದ ಕೈ

ಎರ್ಸಿಲಿಯಾ,

ನಿನ್ನನ್ನು ಮಣ್ಣು ಮಾಡಿ ಬಂದು ಆರು ವರ್ಷದ ಮೇಲೆ, ಇವತ್ತು ಪಾರ್ಮಾದಲ್ಲಿ ನಿನ್ನ ಹಾಡು ಕೇಳಿದೆ. ಕಾಫಿ ಅಂಗಡಿಯ ಗಾಸ್ಪರೆ ಗ್ರಾಮಫೋನಿನಲ್ಲಿ ನಿನ್ನ ಪ್ಲೇಟು ಹಾಕಿದ್ದ. ತಾರಸ್ವರ ಬಂದಾಗ ದನಿ ದೂರ ಸರಿದುಹೋಯಿತು.

“ಕೇಳಿದ್ರಾ ಜೆಲಿಂಡಾ, ನಿಮ್ಮಕ್ಕಂಗೆ ಅಲ್ಲೇ ಉಸಿರು ಸಾಲ್ಲಿಲ್ಲ. ಅದಕ್ಕೇ ಆಮೇಲೆ ಯಾರೂ ಹಾಡೋಕೆ ಕರೀಲಿಲ್ಲ,” ಎಂದ.

ಹಾಡು ಮುದ್ರಿಸಿದ ದಿನ ನಿನ್ನ ಹಿಂದೆ ಸೊಂಟ ಹಿಡಿದು ನಿಂತವಳು ನಾನು. ತಾರಸ್ವರದ ಜೋರಿಗೆ ಮುದ್ರಿಸುವ ಸೂಜಿ ಹಾರದಂತೆ ನಿನ್ನನ್ನು ದನಿ ಹಿಡಿಯುವ ಕೊಳವೆಯ ಬಾಯಿಂದ ಒಂದು ಹೆಜ್ಜೆ ಹಿಂದೆ ಎಳೆಯಬೇಕಿತ್ತು. ನಾನು ಮೂರು ಹೆಜ್ಜೆ ಎಳೆದೆ. ಆ ಹಾಡು ನನಗೂ ಬರುತ್ತಿತ್ತು; ಅವರು ಕರೆದದ್ದು ನಿನ್ನನ್ನು.

ಗಾಸ್ಪರೆಗೆ ಇದನ್ನು ಹೇಳಲೆಂದು ಎರಡು ಸಲ ಎದ್ದೆ. ಎರಡು ಸಲವೂ ಇನ್ನೊಂದು ಕಾಫಿ ಕೇಳಿ ಕೂತೆ.

“ಮತ್ತೆ ಹಾಕ್ಲಾ?” ಎಂದ.

ಹಾಕು ಎಂದೆ. ತಾರಸ್ವರದ ಆ ಜಾಗ ಬರುವ ಮೊದಲೇ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತೆ.