ಸರಸ್ವತಿ ಪೂಜೆಗೆ ಕೂತ ಕೋರಾ

ರಿಗ್ಗೈ, ಕುವೈತ್
30 ಸೆಪ್ಟೆಂಬರ್ 2025, ಮಂಗಳವಾರ

ಪ್ರೀತಿಯ ಪಾವನಾ,

ಹೇಗಿದ್ದೀಯಮ್ಮ? ಕೆಮ್ಮು ಕಡಿಮೆಯಾಯಿತೇ? ಎ.ಸಿ. ಗಾಳಿ ನೇರ ಮುಖಕ್ಕೆ ಬಡಿಯುವ ಹಾಗೆ ಮಲಗಬೇಡ ಎಂದು ಎಷ್ಟು ಹೇಳಿದರೂ ನೀನು ಕೇಳುವವಳಲ್ಲ. ಇಲ್ಲಿ ನಾವೆಲ್ಲ ಆರೋಗ್ಯವಾಗಿದ್ದೇವೆ, ನನ್ನ ತಲೆಯೊಂದನ್ನು ಬಿಟ್ಟು. ಈ ಕಾಲದಲ್ಲೂ ಅಪ್ಪ ಕಾಗದ ಬರೆಯುತ್ತಾನಲ್ಲ ಎಂದು ನಗಬೇಡ. ಫೋನಿನಲ್ಲಿ ‘ಅಜ್ಜಿ’ ಎಂಬ ಮಾತು ಬಂದ ಕೂಡಲೇ ನಿನಗೆ ಎಲ್ಲಿಲ್ಲದ ಕೆಲಸ ಬಂದುಬಿಡುತ್ತದೆ, ಇಟ್ಟುಬಿಡುತ್ತೀಯ. ಕಾಗದವನ್ನಾದರೆ ಕೊನೆಯವರೆಗೆ ಓದಲೇಬೇಕು. ನಾಳೆ ದೋಹಾಕ್ಕೆ ಹೊರಟಿರುವ ಫಹಾಹೀಲ್ ಅಂಗಡಿಯ ಶಬೀರ್ ಇದನ್ನು ನಿನ್ನ ಕೈಗೆ ಕೊಡುತ್ತಾರೆ. ನಿನ್ನ ಆಫ್ರಿಕಾದ ತಂತಿವಾದ್ಯ ಕೋರಾವನ್ನು ಮಾತ್ರ ಕೊಡುವುದಿಲ್ಲ. ಯಾಕೆಂದು ಕೂತು ಓದು, ಕೂಗಾಡಬೇಡ.

ಮೊದಲ ತಪ್ಪು ನಿನ್ನದೇ ಎಂದು ಹೇಳದೆ ಇರಲಾರೆ. ಜೂನ್‌ನಲ್ಲಿ ರಜೆಗೆ ಬಂದವಳು ಅಜ್ಜಿಯ ಮೇಲಿನ ಸಿಟ್ಟಿಗೆ ಕೋರಾವನ್ನು ಬೀರುವಿನಲ್ಲೇ ಬಿಟ್ಟು ವಿಮಾನ ಹತ್ತಿದೆಯಲ್ಲ, ಅದು ಯಾವ ಬುದ್ಧಿವಂತಿಕೆ? ಅಜ್ಜಿ ಅಂದದ್ದು ತಪ್ಪೇ, ನಾನೇನೂ ಅವರ ವಕೀಲನಲ್ಲ. “ಅರ್ಧ ಸೋರೆಬುರುಡೆಗೆ ಚರ್ಮ ಬಿಗಿದು, ಕೋಲು ತೂರಿಸಿ, ಇಪ್ಪತ್ತೊಂದು ತಂತಿ ಎಳೆದುಬಿಟ್ರೆ ವಾದ್ಯ ಆಗೋಗುತ್ತೇನೇ? ಒಂದು ಮೆಟ್ಟಿಲಿಲ್ಲ, ಗಮಕ ಎಲ್ಲಿಂದ ತರ್ತೀಯೆ?” ಎಂದು ಊಟದ ತಟ್ಟೆ ಮುಂದೆ ಕೇಳಬಾರದಿತ್ತು. ನೀನು ಐದು ವರ್ಷದವಳಿದ್ದಾಗಿನಿಂದ ನಿನಗೆ ವೀಣೆ ಹೇಳಿಕೊಟ್ಟವರು, ಅವರಿಗೂ ನೋವಾಗಿರುತ್ತದೆ. ಆದರೆ ಸಿಟ್ಟು ಬಂದರೆ ಬಾಗಿಲು ಬಡಿ, ನನ್ನ ಮೇಲೆ ಹರಿಹಾಯಿ. ವಾದ್ಯವನ್ನು ಬಿಟ್ಟು ಹೋಗುತ್ತಾರೆಯೇ? ಈಗ ನೋಡು, ಗ್ಯಾಂಬಿಯಾದ ನಿನ್ನ ಮೇಷ್ಟರು ಇಷ್ಟು ದಿನ ನಿನಗೆ ನುಡಿಸಲು ಕೊಡುತ್ತಿದ್ದ ತಮ್ಮ ಕೋರಾ ಹೊತ್ತು ಊರಿಗೆ ಹೋಗಿದ್ದಾರೆ, ಗುರುವಾರ ಸಂಜೆ ನಿನ್ನ ಮೊದಲ ಸೋಲೋ ಕಾರ್ಯಕ್ರಮ, ನಿನ್ನ ಕೋರಾ ರಿಗ್ಗೈಯಲ್ಲಿ.

ಭಾನುವಾರ ರಾತ್ರಿ ಶಬೀರ್‌ಗೆ ಕೊಡಲೆಂದು ಅದನ್ನು ಬೀರುವಿನಿಂದ ತೆಗೆದು, ಧೂಳು ಒರೆಸಿ, ಹಾಲಿನಲ್ಲಿ ಇಟ್ಟೆ. ಮಾರನೆಯ ದಿನ ಮೂಲಾ ನಕ್ಷತ್ರ ಎನ್ನುವುದು ನನ್ನ ತಲೆಯಲ್ಲಿರಲಿಲ್ಲ. ಆಫೀಸಿನಿಂದ ಬಂದು ನೋಡುತ್ತೇನೆ, ದೇವರ ಕೋಣೆಯಲ್ಲಿ ಪೀಠದ ಮೇಲೆ ನಿನ್ನ ಕೋರಾ! ಕತ್ತಿಗೆ ಸೇವಂತಿಗೆ ಹಾರ, ಬುರುಡೆಗೆ ಅರಿಸಿನ ಕುಂಕುಮ, ಮುಂದೆ ಪುಸ್ತಕಗಳು, ನೈವೇದ್ಯಕ್ಕೆ ಕಡಲೆಬೇಳೆ ಪಾಯಸ. ಸರಸ್ವತಿಯ ಆವಾಹನೆ ಮುಗಿದುಹೋಗಿದೆ. ಇನ್ನು ಗುರುವಾರ, ವಿಜಯದಶಮಿಯ ಬೆಳಿಗ್ಗೆ ವಿಸರ್ಜನೆಯಾಗುವ ತನಕ ಅದನ್ನು ಕದಲಿಸುವ ಹಾಗಿಲ್ಲ. ಮೂರು ತಿಂಗಳು ಸೋರೆಬುರುಡೆಯಾಗಿದ್ದದ್ದು, ನಮಗೆ ಬೇಕಾದ ಹೊತ್ತಿಗೆ ಸರಿಯಾಗಿ ದೇವರಾಗಿ ಕೂತುಬಿಟ್ಟಿದೆ. ಬೀರುವಿನಲ್ಲೇ ಬಿದ್ದಿದ್ದರೆ ನಾಳೆ ನಿನ್ನ ಕೈ ಸೇರುತ್ತಿತ್ತು.

ನಾನೇನು ಸುಮ್ಮನಿರಲಿಲ್ಲ. ನನ್ನ ಕೊನೆಯ ಅಸ್ತ್ರ ಎಂದುಕೊಂಡು, “ಅಮ್ಮಾ, ಅದು ಹಸುವಿನ ಚರ್ಮ” ಎಂದೆ. ಬೆಚ್ಚಿ ಬಿದ್ದು ತಾವೇ ತೆಗೆದಿಡುತ್ತಾರೆ ಎಂಬ ಲೆಕ್ಕಾಚಾರ. ಹೂವು ಸರಿಪಡಿಸುತ್ತಲೇ, “ಮೃದಂಗಕ್ಕೇನು ಪ್ಲಾಸ್ಟಿಕ್ ಹಾಕ್ತಾರೇನೋ?” ಎಂದರು. ನಿನ್ನ ಅಮ್ಮ ಅಡುಗೆಮನೆಗೆ ಹೋಗಿ ನಗುತ್ತಿದ್ದಳು. ಅವಳಿಂದ ಸಹಾಯ ಬರುತ್ತದೆ ಎಂದು ನೀನೂ ಕಾಯಬೇಡ. ಇವತ್ತು ಸಂಜೆ ಶಬೀರ್ ಬಂದರು. ಅವರೆದುರು ಅಜ್ಜಿ ಮೆತ್ತಗಾಗಬಹುದು ಎಂದಿದ್ದೆ. ಅವರು ಬಾಗಿಲಲ್ಲೇ ನಿಂತು, “ಬೇಡ ಸಾರ್, ಪೂಜೆಗಿಟ್ಟದ್ದನ್ನು ನಾನು ಹೇಗೆ ತೆಗೊಂಡು ಹೋಗುದು? ಅಮ್ಮನಿಗೆ ಬೇಜಾರಾಗ್ತದೆ” ಎಂದು ಪಾಯಸ ಕುಡಿದು, ಕಾಗದವಿದ್ದರೆ ರಾತ್ರಿ ಅಂಗಡಿಗೆ ತಲುಪಿಸಿ ಎಂದು ಹೇಳಿ ಹೊರಟರು. ಎಲ್ಲರೂ ಒಳ್ಳೆಯವರೇ. ಕೆಟ್ಟವನು ನಾನೊಬ್ಬ.

ನಿನ್ನ ರೆಕಾರ್ಡಿಂಗನ್ನು ಅರ್ದಿಯಾ ಗೋದಾಮಿಗೆ ಹೋಗುವ ದಾರಿಯಲ್ಲಿ ಕಾರಿನಲ್ಲಿ ಹಾಕಿಕೊಳ್ಳುತ್ತೇನೆ, ಗೊತ್ತೇ? ಒಂದು ಹೆಬ್ಬೆರಳು ತಗ್ಗಿನ ತಂತಿಯಲ್ಲಿ ನಡೆದುಕೊಂಡು ಹೋಗುತ್ತಿರುತ್ತದೆ, ಇನ್ನೊಂದು ರಾಗ ಹೇಳುತ್ತದೆ, ತೋರುಬೆರಳುಗಳು ಮೇಲಿಂದ ಅಕ್ಕಿ ಸುರಿದ ಹಾಗೆ ಸ್ವರ ಸುರಿಯುತ್ತವೆ. ಎಲ್ಲ ನೀನೊಬ್ಬಳೇ. ಅಜ್ಜಿಗೂ ಕೇಳಿಸಿದ್ದೆ. ಅವರ ಚಿಂತೆಯೇ ಬೇರೆ: “ಪಕ್ಕವಾದ್ಯಕ್ಕೆ ಯಾರಿಲ್ವೇನೋ? ಪಾಪ, ಮಗು ಒಂದೇ ಕೂತ್ಕೊಂಡು ಅಷ್ಟು ಹೊತ್ತು ಏನು ಮಾಡುತ್ತೆ?” ದೋಹಾದಲ್ಲಿ ಮೃದಂಗದವರು ಸಿಗುತ್ತಾರಾ ಎಂದು ಎರಡು ಸಲ ವಿಚಾರಿಸಿದರು. ಸೋಲೋ ಎಂದರೆ ಒಬ್ಬರೇ ಎಂದು ವಿವರಿಸಿ ನನ್ನ ಗಂಟಲು ಒಣಗಿತು.

ನನಗಂತೂ ಸಾಕಾಗಿಹೋಗಿದೆ. ನೀನು ಅವರಿಗೆ ಫೋನ್ ಮಾಡುವುದಿಲ್ಲ, ಅವರು ನಿನಗೆ ಮಾಡುವುದಿಲ್ಲ, ಇಬ್ಬರ ಬೈಗುಳವನ್ನೂ ನಾನು ಹೊರಬೇಕು. ಅಲ್ಲಿ ಯಾರ ಹತ್ತಿರವಾದರೂ ಇನ್ನೊಂದು ಕೋರಾ ಸಿಗುವುದೋ ವಿಚಾರಿಸು. ಸಿಗದಿದ್ದರೆ ಏನು ಮಾಡುವುದೆಂದು ನನಗೂ ಹೊಳೆಯುತ್ತಿಲ್ಲ. ಹೊಟ್ಟೆ ಉರಿಯುತ್ತದೆ ಮಗಳೇ, ನಿನ್ನ ಮೊದಲ ಕಾರ್ಯಕ್ರಮ ನಮ್ಮ ಮನೆಯಿಂದಲೇ ಕೆಡಬೇಕೇ? ಹೊತ್ತಿಗೆ ಸರಿಯಾಗಿ ಊಟ ಮಾಡು. ಹಬ್ಬದ ಆಶೀರ್ವಾದಗಳು, ಅಮ್ಮನದೂ ಸೇರಿ.

ನಿನ್ನ ಅಪ್ಪ,
ಶ್ಯಾಮಸುಂದರ

ವಿ.ಸೂ.: ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ತಡೆಯಲಾರದೆ ಅಜ್ಜಿಯನ್ನು ಕೇಳಿಯೇಬಿಟ್ಟೆ, ಪೂಜೆಗೆ ನಿಮ್ಮ ವೀಣೆ ಇಡುವುದು ಬಿಟ್ಟು ಇದನ್ನೇಕೆ ಇಟ್ಟಿರಿ ಎಂದು. ವೀಣೆ ಮೂಲೆಯಲ್ಲಿ ಗವಸಿನೊಳಗೇ ಇದೆ. “ಬೆರಳು ಮಡಚಕ್ಕೇ ಬರಲ್ಲ ಕಣೋ, ಯುಗಾದಿಯಿಂದ ನಾನು ಅದನ್ನ ಮುಟ್ಟಿಲ್ಲ. ಈ ಮನೇಲಿ ನುಡಿಸೋ ಕೈ ಅಂತ ಉಳಿದಿರೋದು ಅವಳದ್ದೊಂದೇ. ಅವಳು ನುಡಿಸೋದನ್ನ ತಾನೇ ಇಡಬೇಕು?” ಎಂದರು. ನಮಗಾರಿಗೂ ಗೊತ್ತೇ ಇರಲಿಲ್ಲ, ಪಾವನಾ. ನಿನ್ನ ಕಾರ್ಯಕ್ರಮ ಈ ದಶಮಿಯ ಸಂಜೆಯೇ, ಈ ಕೋರಾ ಇಲ್ಲದೆ ಅದು ಆಗುವುದಿಲ್ಲ ಎಂದು ಆಗಲೇ ಮೊದಲ ಸಲ ಬಿಡಿಸಿ ಹೇಳಿದೆ. ದಶಮಿಯ ಬೆಳಿಗ್ಗೆ ಬೇಗ ವಿಸರ್ಜನೆ ಮಾಡಿ, ಕೋರಾವನ್ನು ತಾವೇ ತರುತ್ತಾರಂತೆ, ಬೇರೆ ಯಾರ ಕೈಗೂ ಕೊಡುವುದಿಲ್ಲವಂತೆ. ಅವರಿಗೂ ನನಗೂ ಕೋರಾಕ್ಕೂ ಟಿಕೆಟ್ ಮಾಡಿಸಿದ್ದೇನೆ. ಮಧ್ಯಾಹ್ನ ವಿಮಾನ ನಿಲ್ದಾಣಕ್ಕೆ ನೀನೇ ಬಾ. ಅಜ್ಜಿಯ ಕೈ ಹಿಡಿಯುವಾಗ ಮೆಲ್ಲಗೆ ಹಿಡಿ, ಅವರಿಗೆ ನೋಯುತ್ತದೆ.