ಅಕ್ಕನ ಬಿಲುಮಾ

ಫೆಬ್ರವರಿ 4, ಬೆಳಿಗ್ಗೆ
ಅಕ್ಕನಿಗೆ ಹಾಲು ಕುಡಿಸಿ, ಬಾಯಿ ಒರೆಸಿ, ಮತ್ತೆ ಪಲ್ಲವಿಗೆ ಕುಳಿತೆ. ಏಳನೇ ಸಲ. ಮ್ಯೂಸಿಕ್ ಡೈರೆಕ್ಟರ್ ಕಳಿಸಿದ ಟ್ಯೂನ್ ಕೇಳಿದ್ದೇ ಕೇಳಿದ್ದು — ಲಾಲಲ ಲಾಲಲ. ಆ ಲಾಲಲದ ಜಾಗಕ್ಕೆ ಮಾತು ತುಂಬುವುದೇ ಮೂವತ್ತು ವರ್ಷದಿಂದ ನನ್ನ ಕಸುಬು. ಈಗ ಫೋನು: "ಅರ್ಥ ಗಿರ್ಥ ಬೇಡ ಸಾರ್. ನಾಲಿಗೆ ಮೇಲೆ ಕುಣೀಬೇಕು, ಅಷ್ಟೆ. ನಾಳೆ ರೆಕಾರ್ಡಿಂಗ್."

ಅರ್ಥವಿಲ್ಲದ್ದನ್ನು ಬರೆಯುವುದು ಇಷ್ಟು ಕಷ್ಟವೇ! ಹಾಳೆ ಹರಿದೆ.

ಒಳಗಿನಿಂದ ಅಕ್ಕ: "ಬಿಲುಮಾ… ಬಿಲುಮಾ."

ಸ್ಟ್ರೋಕ್ ಆದಮೇಲೆ ಅವಳಿಗೆ ಉಳಿದದ್ದು ಅದೊಂದೇ. ನೀರಿಗೂ ಅದೇ, ಕೋಪಕ್ಕೂ ಅದೇ, ನನ್ನ ಹೆಸರಿಗೂ ಅದೇ. ಧ್ವನಿಯ ಏರಿಳಿತದಲ್ಲೇ ತಿಳಿದುಕೊಳ್ಳಬೇಕು. ಈಗಿನದು ನೀರು. ಕೊಟ್ಟೆ.

ಫೆಬ್ರವರಿ 5
ಕೊಟ್ಟುಬಿಟ್ಟೆ. ಬಿಲುಮಾ ಬಿಲುಮಾ ಬಿಲುಬಿಲುಮಾ… ಡೈರೆಕ್ಟರ್ ಕುರ್ಚಿ ಬಿಟ್ಟು ಎದ್ದ. "ಎಲ್ಲಿಂದ ತರ್ತೀರಿ ಸಾರ್ ಇಂಥವನ್ನ?"

"ಹಾಗೇ ಬಂತು" ಎಂದೆ. ನಾಚಿಕೆಗೆಟ್ಟವನು ನಾನು.

ಏಪ್ರಿಲ್ 19
ಹಾಡು ಸೂಪರ್ ಹಿಟ್. ಅರ್ಥವಿದ್ದ ನನ್ನ ನಾನೂರು ಹಾಡುಗಳನ್ನು ಮೂಸಿ ನೋಡಿದವರಿಲ್ಲ. ಕ್ಷೌರದಂಗಡಿಯವನೂ ಇದನ್ನೇ ಗುನುಗುತ್ತ ನನ್ನ ಕತ್ತಿನ ಮೇಲೆ ಕತ್ತಿ ಎಳೆದ. ಉಸಿರು ಬಿಗಿಹಿಡಿದು ಕೂತಿದ್ದೆ.

ಅಕ್ಕನಿಗೆ ಮಾತು ಕಲಿಸಲು ಬರುವ ಟೀಚರ್ ಬಾಗಿಲಲ್ಲೇ ನಿಂತರು. "ನೀವೇ ಬರೆದಿದ್ದಾ ಅದು?"

ತಲೆ ತಗ್ಗಿಸಿದೆ.

"ಅವರ ಹತ್ರ ಇದ್ದಿದ್ದು ಅದೊಂದೇ ಅಲ್ವಾ, ಸಾರ್?"



ಏಪ್ರಿಲ್ 26, ಸಂಜೆ
ಮಾತ್ರೆ ತೆಗೆದುಕೊಂಡು ಬರುತ್ತಿದ್ದೆ. ಅಕ್ಕ ಕಿಟಕಿಯಿಂದ ಕೂಗಿ ಕರೆದಳು — ನನ್ನನ್ನೇ. ನಲ್ಲಿಯ ಹತ್ತಿರ ನಿಂತಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. "ಅಜ್ಜಿಗೂ ಸಿನಿಮಾ ಹುಚ್ಚು ನೋಡ್ರೇ!" ಒಬ್ಬಳು ಚಪ್ಪಾಳೆ ತಟ್ಟಿದಳು. ಉಳಿದವರು ಎತ್ತಿಕೊಂಡರು — ಬಿಲುಬಿಲುಮಾ!

ಅಕ್ಕ ಒಬ್ಬೊಬ್ಬರ ಬಾಯನ್ನೂ ನೋಡಿದಳು. ಆಮೇಲೆ ನನ್ನ ಮುಖ. ಗೊತ್ತಾಗಿಹೋಯಿತು. ಶಾಲೆಯಲ್ಲಿ ಕಾಪಿ ಹೊಡೆಯುವವರನ್ನು ಮುಖ ನೋಡಿಯೇ ಹಿಡಿಯುತ್ತಿದ್ದ ಮೇಡಂ ಅವಳು.

ಮೇ 17
ಇಪ್ಪತ್ತೊಂದು ದಿನ. ತುಟಿ ಪಿಟಕ್ಕೆನ್ನಲಿಲ್ಲ. ನೀರು ಬೇಕಾದರೆ ಲೋಟ ತಳ್ಳಿ ಬೀಳಿಸುತ್ತಾಳೆ. "ಬೈಯೇ ಅಕ್ಕ, ಬಾಯಿಗೆ ಬಂದಂಗೆ ಬೈಯೇ" ಎಂದು ಕಾಲು ಹಿಡಿದೆ. ಗೋಡೆ ಕಡೆ ತಿರುಗಿದಳು.

ಡೈರೆಕ್ಟರ್ ಫೋನು: "ಅಂಥದ್ದೇ ಇನ್ನೊಂದು ಬಿಡಿ ಸಾರ್!" ಆಗುವುದಿಲ್ಲ ಎಂದೆನೇ? ನೋಡೋಣ ಎಂದೆ.

ಮೇ 18, ಬೆಳಿಗ್ಗೆ
ಬೆನ್ನಿಗೆ ದಿಂಬು ಇಡುತ್ತಿದ್ದೆ. ಅಕ್ಕನ ತುಟಿ ಅಲುಗಿತು. ಶಬ್ದ! ಬಿಲುಮಾ ಅಲ್ಲ, ಬೇರೆಯೇ. ಅಳು ಉಕ್ಕಿ ಬಂತು. ಅವಳ ಕೈ ಹಿಡಿದುಕೊಳ್ಳಬೇಕಿತ್ತು.

ಪೆನ್ನು ಹಿಡಿದೆ.

ಅವಳು ಪೆನ್ನನ್ನೇ ನೋಡಿದಳು. ಬಾಯಿ ಮುಚ್ಚಿಕೊಂಡಳು. ಬಂದದ್ದು ಎರಡೇ ಅಕ್ಷರ. ಪಲ್ಲವಿಗೆ ಇನ್ನೊಂದಾದರೂ ಬೇಕು… ಥೂ, ನನ್ನ ಜನ್ಮಕ್ಕಿಷ್ಟು. ಮರೆತುಹೋಗುವ ಮೊದಲು, ಆ ಎರಡು —